ರಾಮಾನುಜನ್ನರ ಇಂಗ್ಲಿಷ್ ಪ್ರಬಂಧ

ಶ್ರೀನಿವಾಸ ರಾಮಾನುಜನ್ನರ ಜೀವನವನ್ನು ಬರೆಯುವವರು ಗಣಿತದಿಂದ ತೊಡಗಿ ಗಣಿತದಲ್ಲಿಯೇ ಮುಗಿಸುವುದು ವಾಡಿಕೆ. ಅದು ಉಚಿತವೂ ಹೌದು. ನಾನಾದರೋ ಗಣಿತವನ್ನು ಬಲ್ಲವನಲ್ಲ. ಭಾಷೆಯ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಆದ್ದರಿಂದಲೇ ಇರಬೇಕು, ಅವರ ಚರಿತ್ರೆಯನ್ನು ಓದುವಾಗಲೆಲ್ಲ ನನ್ನ ದೃಷ್ಟಿ ಅನಂತ ಶ್ರೇಣಿಗಳ ಮೇಲೆ ನಿಲ್ಲದೆ, ಕುಂಭಕೋಣದ ಸರ್ಕಾರಿ ಕಾಲೇಜಿನ ಒಂದು ಇಂಗ್ಲಿಷ್ ಪ್ರಬಂಧದ ಪರೀಕ್ಷೆಯ ಮೇಲೆ ಹೋಗಿ ನಿಲ್ಲುತ್ತದೆ. ಆ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಆಗದಿದ್ದುದರ ಫಲವನ್ನು ಸುಮಾರು ಎಂಟು ವರ್ಷಗಳ ಕಾಲ ಉಂಡರು.

ಅವರು ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಕುಂಭಕೋಣದ ಸಾರಂಗಪಾಣಿ ಸನ್ನಿಧಿ ಬೀದಿಯಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರರು ಬಟ್ಟೆಯ ಅಂಗಡಿಯೊಂದರಲ್ಲಿ ಗುಮಾಸ್ತರು. ತಿಂಗಳಿಗೆ 20 ರೂಪಾಯಿಯ ಸಂಬಳ. ತಾಯಿ ಕೋಮಲತಮ್ಮಾಳ್ ದೇವಸ್ಥಾನದ ಭಜನೆಯಲ್ಲಿ ಹಾಡುತ್ತಿದ್ದವರು, ಗಟ್ಟಿ ಮನಸ್ಸಿನ ಹೆಂಗಸು. ಮನೆಯ ಮಾತು ತಮಿಳು. ಇಂಗ್ಲಿಷು ಶಾಲೆಯಿಂದ ಬಂದದ್ದು, ಪುಸ್ತಕದಿಂದ ಬಂದದ್ದು. ನಮ್ಮಲ್ಲಿ ಎಷ್ಟೋ ಮಂದಿಗೆ ಬಂದ ಹಾಗೆಯೇ.

ಆದರೆ ಆ ಇಂಗ್ಲಿಷು ಅವರಿಗೆ ಬಾರದ ವಿದ್ಯೆಯಾಗಿತ್ತೆಂದು ಯಾರೂ ಭಾವಿಸಬಾರದು. 1897ರ ನವೆಂಬರಿನಲ್ಲಿ, ಹತ್ತು ತುಂಬುವ ಮೊದಲೇ, ಪ್ರಾಥಮಿಕ ಪರೀಕ್ಷೆಯಲ್ಲಿ ಇಂಗ್ಲಿಷ್, ತಮಿಳು, ಅಂಕಗಣಿತ, ಭೂಗೋಳ ಇವುಗಳಲ್ಲಿ ಜಿಲ್ಲೆಗೇ ಮೊದಲಿಗನಾಗಿ ತೇರ್ಗಡೆಯಾದ ಹುಡುಗ ಅವನು. ಟೌನ್ ಹೈಸ್ಕೂಲಿನಲ್ಲಿ ಬಹುಮಾನಗಳನ್ನು ಪಡೆದವನು. ಕಾಲೇಜಿಗೆ ಬಂದದ್ದು ವಿದ್ಯಾರ್ಥಿವೇತನದ ಮೇಲೆ. ಭಾಷೆ ಬಾರದವನಿಗೆ ಇವೆಲ್ಲ ದೊರೆಯುವುದು ಹೇಗೆ? ಹಾಗಿದ್ದೂ ಪ್ರಬಂಧದಲ್ಲಿ ಸೋತದ್ದೇಕೆಂಬುದು ಭಾಷೆಯ ಅಧ್ಯಾಪಕರಾದವರು ಯೋಚಿಸಬೇಕಾದ ಪ್ರಶ್ನೆ.

ನಡುವೆ ಒಂದು ಪುಸ್ತಕ ಬಂದಿತ್ತು. 1903ರ ಸುಮಾರಿಗೆ, ಹದಿನೈದು ಹದಿನಾರರ ವಯಸ್ಸಿನಲ್ಲಿ, ಕಾರ್ ಎಂಬ ಇಂಗ್ಲಿಷ್ ಅಧ್ಯಾಪಕನ ಗಣಿತ ಸಂಗ್ರಹ ಅವರ ಕೈಗೆ ಸಿಕ್ಕಿತು. ಪರೀಕ್ಷೆಗೆ ಓದುವವರ ಉಪಯೋಗಕ್ಕೆಂದು ಸಿದ್ಧವಾದ ಗ್ರಂಥ ಅದು. ಸುಮಾರು 5000 ಪ್ರಮೇಯಗಳು ಅದರಲ್ಲಿ ಒಂದರ ಕೆಳಗೊಂದು ನಿಂತಿವೆ. ವಿವರಣೆ ಅತ್ಯಲ್ಪ, ಎಷ್ಟೋ ಕಡೆ ಇಲ್ಲವೇ ಇಲ್ಲ. ಬಾಲಕ ಆ ಪ್ರಮೇಯಗಳನ್ನು ತಾನೇ ಸಾಧಿಸುತ್ತ ಹೋದ. ಅವುಗಳಿಂದ ಹೊಸವನ್ನು ಕಾಣುತ್ತ ಹೋದ. ಇದರ ಗಣಿತ ಪರಿಣಾಮವನ್ನು ತಿಳಿದವರು ಹೇಳಿದ್ದಾರೆ. ನನಗೆ ತೋರುವ ಮತ್ತೊಂದು ಪರಿಣಾಮವಿದೆ: ಬರೆಹವೆಂದರೆ ಹೇಗಿರಬೇಕು ಎಂಬುದಕ್ಕೆ ಅವರ ಮುಂದಿದ್ದ ಮಾದರಿ ಈ ಪುಸ್ತಕವೇ ಆಯಿತು. ಕವಿಯಾಗಬೇಕಾದ ಹುಡುಗನಿಗೆ ನಿಘಂಟೊಂದೇ ಓದಲು ಸಿಕ್ಕಂತೆ. ಫಲಿತಾಂಶವನ್ನು ಹೇಳು, ಮುಂದಕ್ಕೆ ನಡೆ. ಓದುವವನ ಕೈ ಹಿಡಿದು ನಡೆಸುವ ಗೋಜು ಬೇಡ. ಅವರ ನೋಟುಬುಕ್ಕುಗಳು ಕೊನೆಯವರೆಗೂ ಬಹುಮಟ್ಟಿಗೆ ಇದೇ ರೀತಿಯಲ್ಲಿ ನಡೆದವು.

1904ರಲ್ಲಿ ಎಫ್.ಎ. ತರಗತಿಗೆ ಸೇರಿದಾಗ ಗಣಿತದ ಜೊತೆಗೆ ಇಂಗ್ಲಿಷ್, ಸಂಸ್ಕೃತ, ಶರೀರಶಾಸ್ತ್ರ, ಪ್ರಾಚೀನ ಯೂರೋಪಿನ ಚರಿತ್ರೆ ಎಲ್ಲವನ್ನೂ ಓದಬೇಕಾಗಿತ್ತು. ಒಂದರಲ್ಲಿ ಸೋತವನು ಎಲ್ಲದರಲ್ಲಿಯೂ ಸೋತಂತೆ. ರಾಮಾನುಜನ್ನರು ಮಿಕ್ಕ ತರಗತಿಗಳಲ್ಲಿ ಕುಳಿತಿದ್ದರೇ ಹೊರತು ಮನಸ್ಸು ಅಲ್ಲಿರಲಿಲ್ಲ. ಇಂಗ್ಲಿಷ್ ಪ್ರಬಂಧದಲ್ಲಿ ಸೋತರು, ವಿದ್ಯಾರ್ಥಿವೇತನ ನಿಂತಿತು. ತಾಯಿ ಕಾಲೇಜಿನ ಪ್ರಾಂಶುಪಾಲರಲ್ಲಿಗೇ ಹೋಗಿ ವಾದಿಸಿದರು. ಮಗನಿಗೆ ಗಣಿತದಲ್ಲಿ ಸಮನಾದವರಿಲ್ಲ ಎಂಬುದು ಅವರ ವಾದ; ನಿಯಮ ಎಲ್ಲರಿಗೂ ಒಂದೇ ಎಂಬುದು ಪ್ರಾಂಶುಪಾಲರ ನಿಲುವು. ಒಂದು ಅವಧಿಯ ಶುಲ್ಕ 32 ರೂಪಾಯಿ, ಎಂದರೆ ತಂದೆಯ ಒಂದೂವರೆ ತಿಂಗಳ ಸಂಬಳಕ್ಕೂ ಮಿಗಿಲು. ಇದು ಬರಿಯ ಮಾನಾಪಮಾನದ ಪ್ರಶ್ನೆಯಲ್ಲ, ಆ ಮನೆಯ ಅನ್ನದ ಪ್ರಶ್ನೆಯೆಂಬುದನ್ನು ಮರೆಯಲಾಗದು.

1905ರ ಆಗಸ್ಟಿನಲ್ಲಿ, ಹದಿನೇಳರ ಹುಡುಗ ಯಾರಿಗೂ ಹೇಳದೆ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಓಡಿಹೋದ. ಮನೆಯವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಹುಡುಕಿಸಬೇಕಾಯಿತು. ಮರಳಿ ಬಂದ ಮೇಲೆ 1906ರಲ್ಲಿ ಮದರಾಸಿನ ಪಚ್ಚಯ್ಯಪ್ಪ ಕಾಲೇಜು. ಅಲ್ಲಿಯೂ ಅದೇ ಕಥೆ. ನಡುವೆ ಕಾಯಿಲೆ ಬೇರೆ. ಆ ವರ್ಷದ ಕೊನೆಯಲ್ಲಿ ಎಫ್.ಎ. ಪರೀಕ್ಷೆಗೆ ಕುಳಿತು ಸೋತರು. ಮರುವರ್ಷ ಇನ್ನೊಮ್ಮೆ ಸೋತರು. ಗಣಿತದಲ್ಲಿ ತೇರ್ಗಡೆ, ಇಂಗ್ಲಿಷ್, ಸಂಸ್ಕೃತ, ಶರೀರಶಾಸ್ತ್ರಗಳಲ್ಲಿ ಇಲ್ಲ. ಅಲ್ಲಿಗೆ ಅವರ ಕಾಲೇಜು ವಿದ್ಯಾಭ್ಯಾಸ ಮುಗಿಯಿತು.

ಪರೀಕ್ಷಕನನ್ನು ಹಳಿಯುವುದು ಸುಲಭ. ಉತ್ತರ ಪತ್ರಿಕೆಗಳ ಕಟ್ಟುಗಳನ್ನು ವರ್ಷವರ್ಷವೂ ನೋಡುವ ನನಗೆ ಅದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಆತನ ಮುಂದೆ ಇದ್ದದ್ದು ಹಾಳೆ ಮಾತ್ರ. ಹಾಳೆಯ ಹಿಂದೆ ಯಾರಿದ್ದಾರೆಂದು ತಿಳಿಯುವ ಉಪಾಯವಿಲ್ಲ. ತಪ್ಪು ಇದ್ದದ್ದು ಏರ್ಪಾಡಿನಲ್ಲಿ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿಯೇ ಓದಿ ಬಂದು, ಕಾಲೇಜಿನಲ್ಲಿ ಇಂಗ್ಲಿಷ್ ಒಂದರಲ್ಲಿಯೇ ಮುಗ್ಗರಿಸಿ ಊರಿಗೆ ಮರಳಿದ ಹುಡುಗರನ್ನೂ ಹುಡುಗಿಯರನ್ನೂ ನಾನು ಕಂಡಿದ್ದೇನೆ. ಅವರೆಲ್ಲರೂ ರಾಮಾನುಜನ್ನರಲ್ಲ, ನಿಜ. ಆಗಬೇಕೆಂದು ಕೇಳುವ ಹಕ್ಕು ನಮಗಿಲ್ಲ.

ಕಾಲೇಜು ಬಿಟ್ಟ ಮೇಲೆಯೇ ಅವರಿಗೆ ಪ್ರಬಂಧದ ನಿಜವಾದ ಮೇಷ್ಟ್ರುಗಳು ದೊರೆತದ್ದು. ಅವರಲ್ಲಿ ಮೊದಲಿಗರು ನಮ್ಮ ಬೆಂಗಳೂರಿನವರು. 1909ರಲ್ಲಿ ಜಾನಕಿಯೊಡನೆ ವಿವಾಹವಾಗಿತ್ತು, ಕೆಲಸವಿಲ್ಲ. ನೋಟುಬುಕ್ಕುಗಳನ್ನು ಕಂಕುಳಲ್ಲಿಟ್ಟುಕೊಂಡು 1910ರಲ್ಲಿ ಅಲೆದರು. ಭಾರತೀಯ ಗಣಿತ ಸಂಘದ ಸ್ಥಾಪಕರಾದ ವಿ. ರಾಮಸ್ವಾಮಿ ಅಯ್ಯರ್, ಹಿಂದೆ ಪಾಠ ಹೇಳಿದ್ದ ಪಿ. ವಿ. ಶೇಷು ಅಯ್ಯರ್, ನೆಲ್ಲೂರಿನ ಕಲೆಕ್ಟರ್ ರಾಮಚಂದ್ರರಾವ್ ಹೀಗೆ ಒಬ್ಬರಿಂದ ಒಬ್ಬರಿಗೆ ಪರಿಚಯ ಬೆಳೆಯಿತು; ರಾಮಚಂದ್ರರಾಯರು ತಿಂಗಳಿಗೆ 25 ರೂಪಾಯಿ ಕೊಟ್ಟು ಸಾಕಿದರು. 1911ರಲ್ಲಿ ಆ ಸಂಘದ ಪತ್ರಿಕೆಗೆ ಬರ್ನೂಲಿ ಸಂಖ್ಯೆಗಳ ಕೆಲವು ಗುಣಗಳನ್ನು ಕುರಿತು ಅವರ ಮೊದಲ ಲೇಖನ ಹೋಯಿತು. ಸಂಪಾದಕರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಗಣಿತಾಧ್ಯಾಪಕ ಎಂ. ಟಿ. ನಾರಾಯಣ ಅಯ್ಯಂಗಾರರು.

ಅಯ್ಯಂಗಾರರಿಗೆ ಲೇಖನದ ಸತ್ತ್ವ ತಿಳಿಯಿತು. ಬರೆಹ ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಮಾತು ಅಷ್ಟು ಅಡಕ, ದಾರಿ ಅಷ್ಟು ಹೊಸದು, ಸ್ಪಷ್ಟತೆ ಅಷ್ಟು ಕಡಮೆ. ಸಾಮಾನ್ಯ ಓದುಗ ಹಿಂದೆ ಹಿಂದೆ ಬರಲಾರ. ಅವರು ಅದನ್ನು ತಿರಸ್ಕರಿಸಿ ಕೈ ತೊಳೆದುಕೊಳ್ಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ತಿದ್ದಬೇಕಾದುದನ್ನು ತಿಳಿಸಿ ಹಿಂದಿರುಗಿಸಿದರು. ಬಂದದ್ದು ಸಾಲದೆಂದು ಮತ್ತೆ ಹಿಂದಿರುಗಿಸಿದರು. ಹಸ್ತಪ್ರತಿ ಮೂರು ಬಾರಿ ಹೀಗೆ ಓಡಾಡಿ ಕೊನೆಗೆ 17 ಪುಟಗಳ ಲೇಖನವಾಗಿ ಅಚ್ಚಾಯಿತು. ಅಂಕ ಕೊಟ್ಟು ಮುಗಿಸುವವನಿಗೂ ಹಸ್ತಪ್ರತಿಯನ್ನು ಮೂರು ಸಲ ಹಿಂದಿರುಗಿಸುವವನಿಗೂ ಇರುವ ಅಂತರ ದೊಡ್ಡದು. ಬೆಂಗಳೂರಿನ ಈ ಅಧ್ಯಾಪಕರ ಹೆಸರು ನಮ್ಮಲ್ಲಿ ಇನ್ನಷ್ಟು ಪರಿಚಿತವಾಗಿರಬೇಕಾಗಿತ್ತೆಂದು ನನ್ನ ಭಾವನೆ.

ಎರಡನೆಯ ಮೇಷ್ಟ್ರು ಮದರಾಸು ಬಂದರಿನ ಕಚೇರಿಯಲ್ಲಿ ದೊರೆತರು. 1912ರ ಫೆಬ್ರವರಿ 9ರಂದು ಅಲ್ಲಿಗೆ ಅರ್ಜಿ ಹಾಕುವಾಗ ರಾಮಾನುಜನ್ನರು ತಾವು ಮೆಟ್ರಿಕ್ಯುಲೇಷನ್ ಮುಗಿಸಿ ಎಫ್.ಎ.ವರೆಗೆ ಓದಿದವರೆಂದೂ, ಮುಂದೆ ಓದಲು ಸನ್ನಿವೇಶಗಳು ಅಡ್ಡಿಯಾದವೆಂದೂ ತಿಳಿಸಿದರು. ಒಂದು ಪ್ರಬಂಧ ಪತ್ರಿಕೆಯೂ ಒಂದು ಓಡಿಹೋಗುವಿಕೆಯೂ ಎರಡು ಸೋಲುಗಳೂ ಆ ಸನ್ನಿವೇಶಗಳೆಂಬ ಒಂದು ಮಾತಿನಲ್ಲಿ ಅಡಗಿದವು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆ. ಮೇಲಧಿಕಾರಿ ಎಸ್. ನಾರಾಯಣ ಅಯ್ಯರ್ ಸ್ವತಃ ಗಣಿತಜ್ಞರು. ಸಂಜೆಯ ಹೊತ್ತು ಅವರ ಮನೆಯಲ್ಲಿ ಇಬ್ಬರೂ ಒಂದೊಂದು ಸ್ಲೇಟು ಹಿಡಿದು ಕೂರುತ್ತಿದ್ದರು. ಹತ್ತು ಮೆಟ್ಟಿಲುಗಳನ್ನು ಎರಡೇ ನೆಗೆತದಲ್ಲಿ ದಾಟುವ ಗುಮಾಸ್ತನಿಗೆ ಅಧಿಕಾರಿ ಹೇಳುತ್ತಿದ್ದುದು ಒಂದೇ: ತನಗೇ ಅರ್ಥವಾಗದ್ದು ಹೊರಗಿನವರಿಗೆ ಅರ್ಥವಾದೀತೆ, ತನ್ನ ಮಟ್ಟಕ್ಕೆ ಇಳಿದು ಬಿಡಿಸಿ ಬರೆಯಬೇಕು ಎಂದು. ರಚನೆಯ ಪಾಠ ಹೇಳುವ ನಾವು ವರ್ಷವಿಡೀ ಹೇಳುವುದು ಇದಕ್ಕಿಂತ ಹೆಚ್ಚಿನದೇನಲ್ಲ. ಅದೇ ವರ್ಷದ ಕೊನೆಯಲ್ಲಿ ಲಂಡನ್ನಿನ ಪ್ರೊಫೆಸರ್ ಹಿಲ್ ಅವರಿಂದಲೂ ಬಂದ ಬುದ್ಧಿವಾದ ಇದೇ ಜಾತಿಯದು. ಲೇಖನ ಸ್ವಚ್ಛವಾಗಿರಬೇಕು, ದೋಷವಿರಬಾರದು, ವಿವರಿಸದ ಚಿಹ್ನೆಯನ್ನು ಬಳಸಬಾರದು.

1913ರ ಜನವರಿ 16ರಂದು ಕೇಂಬ್ರಿಜಿನ ಹಾರ್ಡಿಯವರಿಗೆ ಬರೆದ ಪತ್ರ ಲೋಕಪ್ರಸಿದ್ಧ. ಇದಕ್ಕೆ ಮುನ್ನ ಬೇಕರ್, ಹಾಬ್ಸನ್ ಎಂಬ ಇಬ್ಬರು ಕೇಂಬ್ರಿಜ್ ವಿದ್ವಾಂಸರಿಗೆ ಬರೆದದ್ದರಿಂದ ಫಲ ದೊರೆತಿರಲಿಲ್ಲ. ಆ ಪತ್ರದ ಇಂಗ್ಲಿಷು ಪೂರ್ತಿಯಾಗಿ ರಾಮಾನುಜನ್ನರದೇ ಎಂದು ಹಾರ್ಡಿ ನಂಬಲಿಲ್ಲ. ಆಗಿನ ಅವರ ಇಂಗ್ಲಿಷ್ ಜ್ಞಾನ ಅದಕ್ಕೆ ಸಾಲದೆಂದೂ, ಸ್ನೇಹಿತರ ನೆರವು ಇದ್ದಿರಬೇಕೆಂದೂ ಬಳಿಕ ಬರೆದರು. ಆದರೆ ಗಣಿತ ಮಾತ್ರ ನಿಸ್ಸಂಶಯವಾಗಿ ಆತನದೇ, ಮುಖ್ಯವಾದದ್ದೂ ಅದೇ ಎಂದು ಕೂಡಲೇ ಸೇರಿಸಿದರು. ಕುಂಭಕೋಣದಲ್ಲಿ ಯಾರೂ ಆಡದೇ ಹೋದ ಮಾತು ಅದು.

ಸಾಧನೆಗಳನ್ನು ಕಳಿಸೆಂದು ಹಾರ್ಡಿ ಕೇಳಿದಾಗ ಫೆಬ್ರವರಿಯ ಉತ್ತರದಲ್ಲಿ ರಾಮಾನುಜನ್ನರು ತಮ್ಮ ದಾರಿಯನ್ನು ಬಿಚ್ಚಿ ಹೇಳಲಿಲ್ಲ. ಹೇಳಿದರೆ ಹುಚ್ಚನೆಂದಾರೆಂಬ ಅಳುಕು. ಬದಲಿಗೆ ತಾವು ಅರೆಹೊಟ್ಟೆಯಲ್ಲಿರುವುದನ್ನೂ, ಬುದ್ಧಿ ಉಳಿಯಬೇಕಾದರೆ ಮೊದಲು ಅನ್ನ ಬೇಕೆಂಬುದನ್ನೂ, ಹಾರ್ಡಿಯವರ ಸಹಾನುಭೂತಿಯ ಪತ್ರವೊಂದು ಬಂದರೆ ಇಲ್ಲಿ ವಿದ್ಯಾರ್ಥಿವೇತನ ದೊರೆತೀತೆಂಬುದನ್ನೂ ನೇರವಾಗಿ ಬರೆದರು. ಅಲಂಕಾರವಿಲ್ಲ, ದೈನ್ಯವಿಲ್ಲ, ಬೇಕಾದುದು ಬೇಕಾದವರಿಗೆ ತಲಪಿದೆ. ನನ್ನ ಕೈಗೆ ಬಂದಿದ್ದರೆ ಆ ಪತ್ರಕ್ಕೆ ಪೂರ್ಣಾಂಕಗಳನ್ನು ಕೊಡುತ್ತಿದ್ದೆ. ಪರಿಣಾಮವೂ ಆಯಿತು. ಪದವಿಯಿಲ್ಲದವನಿಗೆ ಕೊಡುವಂತಿಲ್ಲವೆಂಬ ನಿಯಮವನ್ನು ಬದಿಗಿಟ್ಟು ಮದರಾಸು ವಿಶ್ವವಿದ್ಯಾನಿಲಯ 1913ರ ಮೇ ತಿಂಗಳಿನಿಂದ ಅವರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನವನ್ನು ಕೊಟ್ಟಿತು. ಇಂಗ್ಲಿಷ್ ಪರೀಕ್ಷೆಯಿಂದ ಹೋದದ್ದು ಇಂಗ್ಲಿಷ್ ಪತ್ರದಿಂದ ಮರಳಿತು.

1914ರ ಮಾರ್ಚ್ 17ರಂದು ಹಡಗು ಹತ್ತಿ ಏಪ್ರಿಲಿನಲ್ಲಿ ಇಂಗ್ಲೆಂಡನ್ನು ಸೇರಿದರು. ಅಲ್ಲಿಯ ಚಳಿ, ಯುದ್ಧಕಾಲದ ಅಭಾವ, ಸಸ್ಯಾಹಾರದ ಕಷ್ಟ ಎಲ್ಲ ತಿಳಿದ ಸಂಗತಿ. ಅವನ್ನು ಇಲ್ಲಿ ಬೆಳಸುವುದಿಲ್ಲ. ಟ್ರಿನಿಟಿ ಕಾಲೇಜಿನಲ್ಲಿ ರಾಮಾನುಜನ್ನರ ಹಸ್ತಪ್ರತಿಗಳೆಲ್ಲವೂ ಹಾರ್ಡಿಯವರ ಕೈ ದಾಟಿಯೇ ಅಚ್ಚಿಗೆ ಹೋದವು. ಮೊದಮೊದಲಿನವನ್ನು ತಾನೇ ಪೂರ್ತಿಯಾಗಿ ಮತ್ತೆ ಬರೆದೆನೆಂದೂ, ಫಲಿತಾಂಶಗಳಲ್ಲಿ ಮಾತ್ರ, ಜೊತೆಗೂಡಿ ದುಡಿದ ಕಡೆ ಬಿಟ್ಟರೆ, ತನಗೆ ಪಾಲಿಲ್ಲವೆಂದೂ ಹಾರ್ಡಿ ಬರೆದಿಟ್ಟಿದ್ದಾರೆ. ಎಂಥ ಪ್ರಾಮಾಣಿಕತೆ! ಮೊದಮೊದಲಿನವು ಎಂಬ ಮಾತನ್ನು ಗಮನಿಸಬೇಕು. ಬರಬರುತ್ತ ಅಷ್ಟು ತಿದ್ದಬೇಕಾಗಿರಲಿಲ್ಲವೆಂದು ನಾನು ಅರ್ಥಮಾಡುತ್ತೇನೆ. 1915ರಲ್ಲಿ ಬಂದ ಅತಿಸಂಯುಕ್ತ ಸಂಖ್ಯೆಗಳ ದೀರ್ಘ ಲೇಖನ ಹೆಚ್ಚಾಗಿ ಅದರ ಬಲದ ಮೇಲೆಯೇ 1916ರ ಮಾರ್ಚಿನಲ್ಲಿ ಅವರಿಗೆ ಕೇಂಬ್ರಿಜಿನ ಬಿ.ಎ. ಪದವಿಯನ್ನು ತಂದಿತು. ಎರಡು ಬಾರಿ ಎಫ್.ಎ. ದಾಟಲಾರದವನು ಬಿ.ಎ. ಆದದ್ದು ಇಂಗ್ಲಿಷಿನಲ್ಲಿ ಬರೆದ ಪ್ರೌಢ ಪ್ರಬಂಧದಿಂದ. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಟ್ರಿನಿಟಿಯ ಫೆಲೋ ಪದವಿಯೂ ಬಂದವು. ಆ ವೇಳೆಗೆ ಆರೋಗ್ಯ ಕೆಟ್ಟಿತ್ತು.

1919ರ ಮಾರ್ಚಿನಲ್ಲಿ ತಾಯ್ನಾಡಿಗೆ ಮರಳಿದರು. 1920ರ ಜನವರಿ 12ರಂದು, ಮಲಗಿದಲ್ಲಿಂದಲೇ, ಹಾರ್ಡಿಯವರಿಗೆ ಕೊನೆಯ ಪತ್ರವನ್ನು ಬರೆದರು. ಹೊಸ ಬಗೆಯ ಥೀಟಾ ಫಲನಗಳನ್ನು ತಾವು ಕಂಡುಕೊಂಡಿರುವುದಾಗಿ ತಿಳಿಸಿ, ಉದಾಹರಣೆಗಳನ್ನು ಜೊತೆಗಿಟ್ಟಿದ್ದರು. ಏಪ್ರಿಲ್ 26ರಂದು ಮದರಾಸಿನಲ್ಲಿ ತೀರಿಕೊಂಡಾಗ ವಯಸ್ಸು 32.

ಆ ಕೊನೆಯ ವರ್ಷದ ನೂರಕ್ಕೆ ಮಿಗಿಲಾದ ಪುಟಗಳನ್ನು 1976ರಲ್ಲಿ ಜಾರ್ಜ್ ಆಂಡ್ರೂಸ್ ಎಂಬ ಅಮೆರಿಕದ ಗಣಿತಜ್ಞರು ಟ್ರಿನಿಟಿಯ ಗ್ರಂಥಾಲಯದಲ್ಲಿ ಕಂಡರು. ಅವುಗಳ ತುಂಬ ಸೂತ್ರಗಳು; ವಾಕ್ಯಗಳು ತೀರ ವಿರಳ. ಯಾರಿಗೂ ವಿವರಿಸಬೇಕಾಗಿಲ್ಲದೆ, ತನಗಾಗಿ ಬರೆದುಕೊಂಡವನ ಹಾಳೆಗಳು. ಆಂಡ್ರೂಸರೂ ಬ್ರೂಸ್ ಬರ್ನ್ಟ್ ಅವರೂ ಅವಕ್ಕೆ ವಿವರಣೆಯನ್ನೂ ಸಾಧನೆಯನ್ನೂ ಬರೆದು ಐದು ಸಂಪುಟಗಳಲ್ಲಿ ಹೊರತಂದರು. ಮೊದಲನೆಯದು 2005ರಲ್ಲಿ, ಕೊನೆಯದು 2018ರಲ್ಲಿ.