ಜಾನ್ ವೆಸ್ಲಿಯವರ ಇಪ್ಪತ್ತೆಂಟು ಪೌಂಡು

ಸರಳ ಜೀವನವೆಂದರೇನೆಂದು ನಮ್ಮ ಶಾಲೆಯ ಹುಡುಗಿಯರನ್ನು ಕೇಳಿದರೆ, ಕಡಿಮೆ ಖರ್ಚಿನಲ್ಲಿ ಬಾಳುವುದೆಂದು ಒಡನೆಯೇ ಉತ್ತರ ಕೊಡುವರು. ಆ ಉತ್ತರ ತಪ್ಪಲ್ಲ. ಆದರೆ ಅದು ಅರ್ಧ ಮಾತ್ರ. ಬಡವನು ಕಡಿಮೆ ಖರ್ಚಿನಲ್ಲಿ ಬಾಳುವುದು ಅವನ ಪಾಡು. ಜಿಪುಣನು ಹಾಗೆ ಬಾಳುವುದು ಅವನ ರೋಗ. ಕೈತುಂಬ ಹಣ ಬರುತ್ತಿರುವವನು ಸರಳವಾಗಿ ಬಾಳಿದರೆ, ಉಳಿದ ಹಣವು ಯಾರ ಪಾಲಾಯಿತೆಂದು ವಿಚಾರಿಸಿದ ಹೊರತು ಆ ಸರಳತೆಯ ಬೆಲೆ ತಿಳಿಯದು. ಈ ವಿಚಾರದಲ್ಲಿ ನಮಗೆ ದಾರಿ ತೋರಬಲ್ಲ ಒಬ್ಬ ಮಹನೀಯರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಮಕ್ಕಳ ತಂದೆತಾಯಿಗಳ ಮುಂದಿಡಲು ಅಪೇಕ್ಷಿಸುತ್ತೇವೆ.

ಜಾನ್ ವೆಸ್ಲಿಯವರು ೧೭೦೩ನೆಯ ಇಸವಿಯಲ್ಲಿ ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಸಾಮ್ಯುಯೆಲ್ ವೆಸ್ಲಿಯವರು ಆ ಊರಿನ ಸಭಾಪಾಲಕರು. ತಾಯಿ ಸುಸನ್ನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತರು. ಅವರಲ್ಲಿ ಅನೇಕರು ಎಳೆತನದಲ್ಲಿಯೇ ತೀರಿಕೊಂಡರು. ಮನೆಯಲ್ಲಿ ಸಾಲದ ಕಾಟ ತಪ್ಪಿದ್ದೇ ಇಲ್ಲ. ೧೭೦೫ರಲ್ಲಿ ಸಾಲ ತೀರಿಸಲಾರದೆ ತಂದೆಯವರು ಲಿಂಕನ್ ಪಟ್ಟಣದ ಸೆರೆಮನೆಯನ್ನು ಕಾಣಬೇಕಾಯಿತು. ೧೭೦೯ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಐದು ವರ್ಷದ ಜಾನನನ್ನು ಮಹಡಿಯ ಕಿಟಕಿಯಿಂದ ಇಳಿಸಿ ಕಾಪಾಡಿದರು. ಇಷ್ಟು ಕಷ್ಟಗಳ ನಡುವೆಯೂ ಆ ತಾಯಿ ತನ್ನ ಮಕ್ಕಳಿಗೆ ಮನೆಯಲ್ಲಿಯೇ ಪಾಠಶಾಲೆ ನಡೆಸಿದರು. ಹೆಣ್ಣುಮಗು ಚೆನ್ನಾಗಿ ಓದಲು ಕಲಿಯುವ ತನಕ ಅದಕ್ಕೆ ಹೊಲಿಗೆ ಮೊದಲಾದ ಕೆಲಸ ಕಲಿಸಕೂಡದೆಂಬುದು ಅವರ ನಿಯಮಗಳಲ್ಲೊಂದು. ಹೆಣ್ಣುಮಕ್ಕಳ ಶಾಲೆಯವರಾದ ನಾವು ಆ ತಾಯಿಯನ್ನು ಕೃತಜ್ಞತೆಯಿಂದ ನೆನೆಯಬೇಕು.

೧೭೨೦ರಲ್ಲಿ ಜಾನ್ ಆಕ್ಸ್‌ಫರ್ಡಿಗೆ ಓದಲು ಹೋದರು. ೧೭೨೬ರಲ್ಲಿ ಅಲ್ಲಿನ ಲಿಂಕನ್ ಕಾಲೇಜಿನಲ್ಲಿ ಫೆಲೋ ಪದವಿಯನ್ನು ಪಡೆದರು. ಸಾಲದ ಮನೆಯ ಮಗನಿಗೆ ಮೊದಲ ಬಾರಿಗೆ ನಿಶ್ಚಿತವಾದ ವರಮಾನ ದೊರೆಯಿತು. ಅವರೂ ಅವರ ತಮ್ಮ ಚಾರ್ಲ್ಸ್ ಮುಂತಾದ ಗೆಳೆಯರೂ ಕೂಡಿ ಸೆರೆಮನೆಯವರನ್ನು ಸಂದರ್ಶಿಸುತ್ತ, ಬಡಮಕ್ಕಳ ಓದಿಗೆ ಸಹಾಯ ಮಾಡುತ್ತ ಇದ್ದರು. ಚಳಿಗಾಲದ ಒಂದು ದಿನ, ಅವರು ಹೀಗೆ ಓದಿಸುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ಅವರ ಕೋಣೆಗೆ ಬಂದಳು. ಅವಳ ಮೈಮೇಲೆ ಇದ್ದುದು ತೆಳುವಾದ ನಾರುಬಟ್ಟೆಯ ಒಂದೇ ಅಂಗಿ. ಹೊದೆಯಲು ಬೇರೇನೂ ಇಲ್ಲವೇ ಎಂದು ಕೇಳಿದಾಗ ಇಲ್ಲವೆಂದಳು. ವೆಸ್ಲಿಯವರು ಜೇಬಿಗೆ ಕೈಹಾಕಿದರು. ಅಲ್ಲಿ ಹಣವೇ ಇರಲಿಲ್ಲವೆನ್ನಬಹುದು. ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ತಾವು ಹಣಕೊಟ್ಟು ತಂದ ಚಿತ್ರಪಟಗಳು ತೂಗುತ್ತಿದ್ದುವು. ಈ ಮಗುವಿನ ಚಳಿಯನ್ನು ನೀಗಬಹುದಾಗಿದ್ದ ಹಣದಿಂದ ತಮ್ಮ ಗೋಡೆಯನ್ನು ಸಿಂಗರಿಸಿದೆನಲ್ಲಾ ಎಂಬ ವಿಚಾರವು ಅವರ ಎದೆಯನ್ನು ಇರಿಯಿತು. ಮುಪ್ಪಿನಲ್ಲಿಯೂ ಅವರು ಆ ಹುಡುಗಿಯನ್ನು ಮರೆತಿರಲಿಲ್ಲ. ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ ಉಡಿಗೆ ತೊಡಿಗೆಗಳನ್ನು ಕುರಿತ ಪ್ರಸಂಗವೊಂದರಲ್ಲಿ ಈ ಸಂಗತಿಯನ್ನು ತಾವೇ ಬಹಿರಂಗವಾಗಿ ಒಪ್ಪಿಕೊಂಡರು.

ಆಕ್ಸ್‌ಫರ್ಡಿನ ಒಬ್ಬ ತರುಣನ ಲೆಕ್ಕವನ್ನೂ ಅವರು ಒಂದು ಕಡೆ ವಿವರಿಸಿದ್ದಾರೆ. ಹೆಸರು ಹೇಳದಿದ್ದರೂ ಆ ತರುಣನು ವೆಸ್ಲಿಯವರೇ ಎಂದು ಅವರ ಚರಿತ್ರೆಯನ್ನು ಬರೆದವರು ತಿಳಿದಿದ್ದಾರೆ. ಆ ತರುಣನಿಗೆ ಒಂದು ವರ್ಷ ೩೦ ಪೌಂಡು ಬಂದಿತು. ೨೮ ಪೌಂಡಿನಲ್ಲಿ ಜೀವನ ಸಾಗಿಸಿ ೨ ಪೌಂಡನ್ನು ಬಡವರಿಗೆ ಕೊಟ್ಟನು. ಮರುವರ್ಷ ೬೦ ಪೌಂಡು ಬಂದಿತು. ಆಗಲೂ ೨೮ರಲ್ಲಿಯೇ ಬಾಳಿ ೩೨ನ್ನು ಕೊಟ್ಟನು. ಮೂರನೆಯ ವರ್ಷ ಬಂದುದು ೯೦, ಕೊಟ್ಟುದು ೬೨. ನಾಲ್ಕನೆಯ ವರ್ಷ ಬಂದುದು ೧೨೦, ಕೊಟ್ಟುದು ೯೨. ವರಮಾನವು ನಾಲ್ಮಡಿಯಾದರೂ ಅವನ ಊಟ ಬಟ್ಟೆಗಳ ವೆಚ್ಚವು ಇದ್ದಲ್ಲಿಯೇ ನಿಂತಿತು. ಲೆಕ್ಕವು ಕಿರಿಯ ತರಗತಿಯ ಮಗುವಿಗೂ ತಿಳಿಯುವಷ್ಟು ಸುಲಭ. ಅದರಂತೆ ನಡೆಯುವುದು ಮಾತ್ರ ದೊಡ್ಡವರಿಗೂ ಕಷ್ಟ.

೧೭೩೯ರಿಂದ ವೆಸ್ಲಿಯವರು ಬ್ರಿಸ್ಟಲ್ ಪಟ್ಟಣದ ಬಳಿಯ ಕಲ್ಲಿದ್ದಲ ಗಣಿಯ ಕೆಲಸಗಾರರಿಗೆ ಬಯಲಿನಲ್ಲಿ ನಿಂತು ಉಪದೇಶ ಮಾಡತೊಡಗಿದರು. ಮುಂದೆ ಐವತ್ತು ವರ್ಷ ಕುದುರೆಯ ಮೇಲೆಯೂ ಬಂಡಿಯಲ್ಲಿಯೂ ದೇಶವನ್ನೆಲ್ಲ ಸಂಚರಿಸಿದರು. ಬಡವರೂ ಕೊಂಡು ಓದಲೆಂದು ಅಗ್ಗದ ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಅವು ಅಪಾರವಾಗಿ ಮಾರಾಟವಾದುದರಿಂದ ಬಯಸದೆಯೇ ಐಶ್ವರ್ಯವು ಅವರ ಬಳಿಗೆ ಬಂದಿತು. ಆ ಹಣವು ಅವರ ಕೈಯಲ್ಲಿ ನಿಲ್ಲಲಿಲ್ಲ. ಬೆಳ್ಳಿ ಪಾತ್ರೆಗಳಿಗೆ ತೆರಿಗೆಯಿದ್ದ ಕಾಲವದು. ಇಷ್ಟು ಪ್ರಸಿದ್ಧರ ಮನೆಯಲ್ಲಿ ಬೆಳ್ಳಿ ಬಹಳವಿರಬೇಕು, ಅದನ್ನು ಬಚ್ಚಿಟ್ಟಿದ್ದಾರೆಂದು ಶಂಕಿಸಿ ೧೭೭೬ರಲ್ಲಿ ಅಧಿಕಾರಿಗಳು ಅವರಿಗೆ ಕಾಗದ ಬರೆದರು. ತಮಗೆ ಲಂಡನ್ನಿನಲ್ಲಿ ಎರಡು, ಬ್ರಿಸ್ಟಲಿನಲ್ಲಿ ಎರಡು ಬೆಳ್ಳಿಯ ಚಮಚಗಳುಂಟು. ಸುತ್ತಲಿನ ಇಷ್ಟು ಜನರಿಗೆ ರೊಟ್ಟಿಯಿಲ್ಲದಿರುವಾಗ ಇನ್ನು ಹೆಚ್ಚು ಕೊಳ್ಳುವುದಿಲ್ಲವೆಂದು ವೆಸ್ಲಿಯವರು ಉತ್ತರವಿತ್ತರು.

ಅವರ ದಾನವು ಬೀದಿಯಲ್ಲಿ ನಾಣ್ಯ ಎರಚುವ ದಾನವಾಗಿರಲಿಲ್ಲ. ೧೭೪೬ರಲ್ಲಿ ಲಂಡನ್ನಿನ ಬಡವರಿಗಾಗಿ ಔಷಧಾಲಯವನ್ನು ತೆರೆದರು. ಅದೇ ವರ್ಷ ೩೦ ಪೌಂಡು ೧೬ ಷಿಲ್ಲಿಂಗನ್ನು ಕೂಡಿಸಿ, ಚಿಕ್ಕ ಕಸುಬುದಾರರಿಗಾಗಿ ಸಾಲದ ನಿಧಿಯೊಂದನ್ನು ಸ್ಥಾಪಿಸಿದರು. ಒಬ್ಬರಿಗೆ ಒಂದು ಸಲಕ್ಕೆ ೨೦ ಷಿಲ್ಲಿಂಗು. ಅದನ್ನು ವಾರವಾರವೂ ಸ್ವಲ್ಪಸ್ವಲ್ಪವಾಗಿ ಮೂರು ತಿಂಗಳೊಳಗೆ ತೀರಿಸಬೇಕು. ಅಷ್ಟು ಸಣ್ಣ ಮೊತ್ತವು ಕೈಯಿಂದ ಕೈಗೆ ತಿರುಗಿ ಹದಿನೆಂಟು ತಿಂಗಳಲ್ಲಿ ೨೫೫ ಜನರಿಗೆ ಆಧಾರವಾಯಿತು. ಸಾಲದ ದೆಸೆಯಿಂದ ತಂದೆಯು ಸೆರೆಮನೆ ಕಂಡುದನ್ನು ಮಗನು ಮರೆತಿರಲಾರನೆಂದು ನಮಗೆ ತೋರುತ್ತದೆ. ೧೭೮೫ರ ಜನವರಿಯಲ್ಲಿ ಬಡವರಿಗೆ ಬಟ್ಟೆಯಿಲ್ಲದುದನ್ನು ಕಂಡು, ಎಂಬತ್ತೊಂದು ವರ್ಷದ ಆ ವೃದ್ಧರು ಕರಗುತ್ತಿರುವ ಹಿಮದಲ್ಲಿ ಕಾಲ್ಗಂಟಿನವರೆಗೆ ಮುಳುಗುತ್ತ ಲಂಡನ್ನಿನ ಬೀದಿಗಳನ್ನು ಸುತ್ತಿ ಮನೆಮನೆಯಲ್ಲಿ ಬೇಡಿದರು. ಇನ್ನೂರು ಪೌಂಡು ಕೂಡಿತು. ಅವರು ಕಾಯಿಲೆ ಬಿದ್ದರು.

ಅವರ ಬಾಳಿನಲ್ಲಿ ಎಲ್ಲವೂ ಅನುಕರಣೀಯವೆಂದು ನಾವು ಹೇಳುವುದಿಲ್ಲ. ೧೭೫೧ರಲ್ಲಿ ಸ್ಥಿತಿವಂತೆಯಾದ ಒಬ್ಬ ವಿಧವೆಯನ್ನು ಮದುವೆಯಾದರು. ಆಕೆಯ ಆಸ್ತಿಯು ಆಕೆಗೂ ಆಕೆಯ ಮಕ್ಕಳಿಗೂ ಉಳಿಯುವಂತೆ ಏರ್ಪಡಿಸಿ, ತಾವು ಅದನ್ನು ಮುಟ್ಟಲಿಲ್ಲ. ಆದರೆ ಸದಾ ಸಂಚಾರದಲ್ಲಿದ್ದ ಅವರು ಹೆಂಡತಿಗೆ ತಮ್ಮ ಹೊತ್ತನ್ನು ಕೊಡಲಿಲ್ಲ; ಆ ದಾಂಪತ್ಯವು ಸುಖವಾಗಿ ನಡೆಯಲಿಲ್ಲ. ಹಣದಲ್ಲಿ ಉದಾರಿಗಳಾದವರೂ ಮನೆಯವರಿಗೆ ಸಲ್ಲಬೇಕಾದುದರಲ್ಲಿ ಬಡವರಾಗಬಹುದೆಂಬ ಎಚ್ಚರಿಕೆಯೂ ನಮಗೆ ಬೇಕು.

ಅವರ ವೃದ್ಧಾಪ್ಯದ ದೊಡ್ಡ ದುಃಖವು ಬೇರೆಯಾಗಿತ್ತು. ನ್ಯಾಯವಾಗಿ ಆದಷ್ಟು ಸಂಪಾದಿಸಬೇಕು, ಆದಷ್ಟು ಉಳಿಸಬೇಕು, ಆದಷ್ಟು ಕೊಡಬೇಕು ಎಂದು ಅವರು ತಮ್ಮ ಜನರಿಗೆ ಮೂರು ನಿಯಮಗಳನ್ನು ಕಲಿಸಿದ್ದರು. ಜನರು ಮೊದಲ ಎರಡನ್ನು ಶ್ರದ್ಧೆಯಿಂದ ಪಾಲಿಸಿದರು. ಕುಡಿತ ಬಿಟ್ಟು ದುಡಿದರು, ದುಂದು ಬಿಟ್ಟು ಉಳಿಸಿದರು, ಅದರಿಂದಲೇ ಐಶ್ವರ್ಯವಂತರಾದರು. ಮೂರನೆಯದನ್ನು ಪಾಲಿಸಿದವರು ಕೆಲವರೇ. ಮಿತವ್ಯಯವೆಂಬ ಸದ್ಗುಣವೇ ಲೋಭದ ಬಾಗಿಲಾದುದನ್ನು ಕಂಡು ಆ ಮುದುಕರು ಕಡೆಯ ವರ್ಷಗಳಲ್ಲಿ ಮತ್ತೆ ಮತ್ತೆ ಎಚ್ಚರಿಸಿದರು.

೧೭೯೧ನೆಯ ಮಾರ್ಚಿ ೨ರಂದು ಎಂಬತ್ತೇಳು ವರ್ಷದವರಾಗಿ ವೆಸ್ಲಿಯವರು ಲಂಡನ್ನಿನಲ್ಲಿ ಕಾಲವಾದರು. ಶವದ ಬಂಡಿ ಬೇಡ, ಆಡಂಬರ ಬೇಡ, ಆರು ಮಂದಿ ಬಡವರು ತಮ್ಮನ್ನು ಹೊರಲಿ, ಅವರಿಗೆ ತಲೆಗೆ ೨೦ ಷಿಲ್ಲಿಂಗಿನಂತೆ ಕೊಡಲಿ ಎಂದು ಮರಣಶಾಸನದಲ್ಲಿ ವಿಧಿಸಿದ್ದರು. ಹಾಗೆಯೇ ನಡೆಯಿತು. ಜೀವಮಾನದಲ್ಲಿ ಅವರು ಕೊಟ್ಟುದು ಸುಮಾರು ೩೦,೦೦೦ ಪೌಂಡೆಂದು ಅಂದಾಜು ಮಾಡಿರುವರು. ಅವರು ನಮ್ಮ ದೇಶವನ್ನು ಕಂಡವರಲ್ಲ. ಆದರೂ ಅವರ ಹೆಸರಿನ ಮಿಶನ್ ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದು ಶಾಲೆಗಳನ್ನೂ ಅಚ್ಚುಕೂಟವನ್ನೂ ಸ್ಥಾಪಿಸಿದುದು ಕನ್ನಡಿಗರು ಬಲ್ಲ ಸಂಗತಿ.

ಇದನ್ನು ಬರೆಯುವಾಗ ನಮ್ಮ ತಪ್ಪೊಂದು ನಮಗೇ ಕಾಣುತ್ತದೆ. ಹುಡುಗಿಯರಿಗೆ ಮಿತವ್ಯಯ ಕಲಿಸಬೇಕೆಂದು ನಾವು ತರಗತಿಗೊಂದು ಉಳಿತಾಯದ ಪೆಟ್ಟಿಗೆಯನ್ನಿಟ್ಟೆವು. ವರ್ಷದ ಕೊನೆಯಲ್ಲಿ ಯಾವ ತರಗತಿಯದು ಹೆಚ್ಚೆಂದು ಎಣಿಸಿ ಮೆಚ್ಚಿದೆವು. ಆ ಹಣ ಯಾರ ಚಳಿಯನ್ನು ನೀಗಿತೆಂದು ಒಮ್ಮೆಯೂ ಕೇಳಲಿಲ್ಲ. ಅಂದರೆ ಎರಡು ನಿಯಮಗಳನ್ನು ಕಲಿಸಿ ಮೂರನೆಯದನ್ನು ಬಿಟ್ಟವರು ನಾವೇ. ಆದರೆ ನಮ್ಮ ತಾಯಂದಿರು ಅದನ್ನು ಬಲ್ಲವರಾಗಿದ್ದರು. ಅನ್ನಕ್ಕೆ ಅಕ್ಕಿ ಅಳೆಯುವಾಗ ಪ್ರತಿದಿನವೂ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕಿ, ವಾರದ ಕೊನೆಗೆ ಅದನ್ನು ಇಲ್ಲದವರಿಗೆಂದು ದೇವಾಲಯಕ್ಕೆ ಒಯ್ಯುತ್ತಿದ್ದರು. ಆ ಮಡಕೆಯು ಎಂದೂ ಕೂಡಿಡುವ ಮಡಕೆಯಾಗಿರಲಿಲ್ಲ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ನಮಗಿಂತ ಹೆಚ್ಚು ಸಂಬಳ ಪಡೆಯುತ್ತಿರುವಿರಿ. ಅದು ನಮಗೆ ಹೆಮ್ಮೆ. ವರಮಾನ ಏರಿದಾಗಲೆಲ್ಲ ವೆಚ್ಚವೂ ಏರಲೇಬೇಕೆಂಬ ನಿಯಮವಿಲ್ಲ. ನಿಮ್ಮ ಇಪ್ಪತ್ತೆಂಟು ಪೌಂಡು ಎಷ್ಟೆಂಬುದನ್ನು ನೀವೇ ಒಮ್ಮೆ ಕುಳಿತು ಲೆಕ್ಕ ಹಾಕಿರಿ. ತಂದೆತಾಯಿಗಳೇ, ಮಗಳ ಮದುವೆಗೆಂದು ಒಡವೆ ಕೂಡಿಸುವಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅದರಲ್ಲಿ ಎಷ್ಟು ಬೇಕು, ಎಷ್ಟು ಬೇರೊಬ್ಬ ಹುಡುಗಿಯ ಓದಿಗೆ ಸಲ್ಲಬಹುದು ಎಂದು ಅವಳನ್ನೇ ಕೇಳಿ ನೋಡಿರಿ. ನಾವೂ ಬರುವ ವರ್ಷದಿಂದ ಪೆಟ್ಟಿಗೆ ತೆರೆಯುವ ದಿನ, ಎಷ್ಟು ಕೂಡಿತೆಂದು ಕೇಳುವ ಮೊದಲು, ಯಾರಿಗೆ ಕೊಡೋಣವೆಂದು ಮಕ್ಕಳನ್ನು ಕೇಳುವೆವು. ಆಕ್ಸ್‌ಫರ್ಡಿನ ಆ ಚಳಿಯಲ್ಲಿ ತೆಳುವಾದ ಅಂಗಿ ತೊಟ್ಟು ಬಂದವಳು ಶಾಲೆಯ ಹುಡುಗಿಯೇ ಅಲ್ಲವೇ? ಅವಳಂಥವಳು ನಮ್ಮ ಬಾಗಿಲಿಗೆ ಬಂದಾಗ ನಮ್ಮ ಜೇಬು ಬರಿದಾಗಿರದಿರಲಿ.