ವಳ್ಳತ್ತೋಳ್ ಮತ್ತು ಕೇರಳ ಕಲಾಮಂಡಲಂ

ಮಲೆಯಾಳದ ಆಧುನಿಕ ಕವಿತ್ರಯರಲ್ಲಿ ಒಬ್ಬರಾದ ವಳ್ಳತ್ತೋಳ್ ನಾರಾಯಣ ಮೆನನ್ (1878–1958) ಅವರನ್ನು ಕೇವಲ ಕವಿಯೆಂದು ನೋಡಿದರೆ ಆ ಬದುಕಿನ ಅರ್ಧಭಾಗ ಮರೆಯಾಗುತ್ತದೆ. ಮೂವತ್ತರ ಆಸುಪಾಸಿನಲ್ಲಿಯೇ ಅವರು ಶ್ರವಣಶಕ್ತಿಯನ್ನು ಕಳೆದುಕೊಂಡರು. ‘ಬಧಿರವಿಲಾಪಂ’ ಹುಟ್ಟಿದ್ದು ಆ ದುಃಖದಲ್ಲಿ. ಚೆಂಡೆ, ಮದ್ದಳೆಗಳ ನಾದವನ್ನು ಕೇಳಲಾರದ ವ್ಯಕ್ತಿ ಕಥಕಳಿಯ ಉಳಿವಿಗೆ ಮುಂದಾದುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಕಣ್ಣು, ಕೈಗಳ ಮೂಲಕವೇ ಕಥೆ ಹೇಳುವ ಈ ಕಲೆ ಅವರ ಪಾಲಿಗೆ ಪೂರ್ತಿ ಮುಚ್ಚಿಹೋಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಆ ಹೊತ್ತಿಗೆ ಸಿರಿವಂತ ಮನೆತನಗಳ ಆಶ್ರಯ ಕುಸಿದು ಕಥಕಳಿ ಮೇಳಗಳು ಚದುರತೊಡಗಿದ್ದವು. ವಳ್ಳತ್ತೋಳರು ಮಣಕ್ಕುಳಂ ಮುಕುಂದರಾಜರ ಜೊತೆಗೂಡಿ ಲಾಟರಿ ಚೀಟಿಗಳನ್ನು ಮಾರಿ ಹಣ ಕೂಡಿಸಿದರು. ಒಬ್ಬ ದೊರೆಯ ಔದಾರ್ಯವನ್ನು ನೆಚ್ಚದೆ ಹಲವರ ಚಿಕ್ಕ ಚಿಕ್ಕ ಮೊತ್ತಗಳನ್ನು ನೆಚ್ಚಿದ ಈ ಕ್ರಮವೇ, ನನ್ನ ದೃಷ್ಟಿಯಲ್ಲಿ, ಇಡೀ ಪ್ರಯತ್ನದ ನಿಜವಾದ ಹೊಸತನ. 1930ರಲ್ಲಿ ಕುನ್ನಂಕುಳಂನಲ್ಲಿ ಆರಂಭವಾದ ಕಲಾಮಂಡಲಂ ಮುಂದೆ ಭಾರತಪ್ಪುಳದ ದಂಡೆಯ ಚೆರುತುರುತ್ತಿಯಲ್ಲಿ ನೆಲೆನಿಂತಿತು. ಪಟ್ಟಿಕ್ಕಾಂತೊಡಿ ರಾವುಣ್ಣಿ ಮೆನನ್ನರ ಕಠಿಣ ಶಿಕ್ಷಣದಲ್ಲಿ ಕೃಷ್ಣನ್ ನಾಯರ್, ರಾಮನ್‌ಕುಟ್ಟಿ ನಾಯರ್ ಮೊದಲಾದವರು ರೂಪುಗೊಂಡರು. ಅವಜ್ಞೆಗೆ ಗುರಿಯಾಗಿದ್ದ ಮೋಹಿನಿಯಾಟ್ಟಕ್ಕೂ ಅಲ್ಲಿ ಸ್ಥಾನ ದೊರೆಯಿತು.

1941ರಲ್ಲಿ ಸಂಸ್ಥೆ ಕೊಚ್ಚಿ ಸರ್ಕಾರದ ವಶವಾಯಿತು. ಜನರ ಚೀಟಿಹಣದಿಂದ ಎದ್ದುದನ್ನು ಪ್ರಭುತ್ವದ ಕೈಗೆ ಒಪ್ಪಿಸಿದುದನ್ನು ಸೋಲೆಂದು ವಾದಿಸುವುದು ಸುಲಭ. ಆದರೆ ಬಾಲಕರ ವರ್ಷಗಟ್ಟಲೆಯ ಅಭ್ಯಾಸವನ್ನು ಲಾಟರಿಯೊಂದು ಎಷ್ಟು ಕಾಲ ಪೊರೆದೀತು? ಅಲ್ಲಿ ಕಲಿತ ಕಲಾವಿದರು ಮಾತ್ರ ‘ಕಲಾಮಂಡಲಂ’ ಎಂಬುದನ್ನೇ ಮನೆಹೆಸರಿನಂತೆ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು.