ಪ್ರವಾಹ ಹುಟ್ಟೋದು ಊರಿನ ಆಚೆ

ವಿಶ್ವೇಶ್ವರಯ್ಯ ಅಂದ್ರೆ ನಮಗೆ ಕೆಆರ್‌ಎಸ್, ಸೆಪ್ಟೆಂಬರ್ 15ರ ಹೂಮಾಲೆ. ನನಗೆ ಅವರು ಮುಖ್ಯ ಅನ್ನಿಸೋದು ಹೈದರಾಬಾದಿನ ಕೆಲಸದಿಂದ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಿಂದ 1908ರವರೆಗೆ ಬಾಂಬೆ ಸರ್ಕಾರದಲ್ಲಿ ದುಡಿದರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು.

1909ರಲ್ಲಿ ಬಂದವರು ನಗರದ ನದಿದಂಡೆಯನ್ನಷ್ಟೇ ನೋಡಲಿಲ್ಲ. ಮೇಲಿನ ಜಲಾನಯನದಲ್ಲಿ ಎಲ್ಲೆಲ್ಲಿ ಎಷ್ಟು ಮಳೆಯಾಯ್ತು, ಎಷ್ಟು ಕೆರೆ ಒಡೆದವು ಅಂತ ಲೆಕ್ಕ ಹಾಕಿದರು. ನೀರು ಹುಟ್ಟುವ ಕಡೆಯೇ ಅದನ್ನು ತಡೆಯಬೇಕು ಅನ್ನೋದು ಅವರ ತೀರ್ಮಾನ. ಹಾಗಾಗಿ ನಗರದ ಮೇಲ್ಭಾಗದಲ್ಲಿ, ಮೂಸಿ ಮತ್ತು ಅದರ ಉಪನದಿ ಈಸಿಗೆ ಜಲಾಶಯ ಸೂಚಿಸಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಅಷ್ಟರಲ್ಲಿ ಅವರು ಮೈಸೂರಿನ ದಿವಾನಗಿರಿಯನ್ನೂ ಮುಗಿಸಿದ್ದರು. 1962ರಲ್ಲಿ ತೀರಿಕೊಂಡರು.

ಯಾವ ನೆಲದಿಂದ ಎಷ್ಟು ನೀರು ಹರಿದು ಬರುತ್ತೆ ಅಂತ ಇವತ್ತು ಕಂಪ್ಯೂಟರ್ ಮಾದರಿಗಳು ಹೇಳ್ತವೆ. ಆದರೂ ಈ ಜಲಾಶಯಗಳ ಸುತ್ತ ಕಟ್ಟಡಗಳಿಗೆ 1996ರಲ್ಲಿ ಹೇರಿದ್ದ ನಿರ್ಬಂಧವನ್ನು ತೆಗೆಯಲು ತೆಲಂಗಾಣ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಕಾಂಕ್ರೀಟ್ ಬಿದ್ದ ನೆಲ ನೀರು ಇಂಗಿಸಲ್ಲ. ಮೇಲೆ ಯಾರಿಗೆ ಲೇಔಟ್ ಮಾಡೋಕೆ ಅನುಮತಿ ಸಿಗುತ್ತೆ ಅನ್ನೋದೇ ಕೆಳಗೆ ಯಾರ ಮನೆ ಮುಳುಗುತ್ತೆ ಅನ್ನೋದನ್ನೂ ನಿರ್ಧರಿಸುತ್ತೆ. ಇದು ಅಪ್ಪಟ ರಾಜಕೀಯದ ಪ್ರಶ್ನೆ. ಬೆಂಗಳೂರಿನಲ್ಲೂ ಇದನ್ನೇ ಕೇಳಬೇಕು.